ಹೆಡ್‌ಲೈಟ್ ಬಲ್ಬ್: ಯಾವುದನ್ನು ಹಾಕಿಸಬೇಕು?

ಮಳೆಗಾಲದ ರಾತ್ರಿ ಶಿರಾಡಿ ಘಾಟಿ ಇಳಿಯುವಾಗ ಹಳೆಯ ಕಾರಿನ ಬೆಳಕು ರಸ್ತೆಗೆ ಸಾಲುವುದಿಲ್ಲ. ನಮ್ಮಲ್ಲಿ ಅನೇಕ ಕಾರುಗಳಲ್ಲಿರುವುದು ಎಚ್‌4 ಹ್ಯಾಲೊಜೆನ್: ಹೈಬೀಮ್‌ಗೆ 60 ವ್ಯಾಟ್, ಲೋಬೀಮ್‌ಗೆ 55. ಇದನ್ನು ಬದಲಿಸಲು ಹೊರಟವರ ಮುಂದೆ ಮೂರು ದಾರಿಗಳಿವೆ.

ಅದೇ ವ್ಯಾಟ್‌ನ, ಹೆಚ್ಚು ಪ್ರಖರವಾದ ಹ್ಯಾಲೊಜೆನ್ ಬಲ್ಬ್ ನನ್ನ ಮೊದಲ ಆಯ್ಕೆ. ವೈರಿಂಗ್ ಮುಟ್ಟಬೇಕಿಲ್ಲ. ಆದರೆ ಆಯುಷ್ಯ ಕಡಿಮೆ, ಪೊಟ್ಟಣದ ಮೇಲಿನ ‘ಶೇ. 130 ಹೆಚ್ಚು’ ಎಂಬುದನ್ನು ಅಕ್ಷರಶಃ ನಂಬಬೇಡಿ. ನೀಲಿ ಬಣ್ಣ ಬಳಿದ ಬಲ್ಬ್ ಅಂದಕ್ಕೆ ಸರಿ, ಕಾಣಿಸುವುದಕ್ಕಲ್ಲ.

100/90 ವ್ಯಾಟ್ ಬಲ್ಬ್‌ನಲ್ಲಿ ಬೆಳಕೇನೋ ಧಾರಾಳ. ಆದರೆ ರಿಲೇ (ಬ್ಯಾಟರಿಯಿಂದ ಬಲ್ಬಿಗೆ ನೇರವಾಗಿ ಕರೆಂಟ್ ಹರಿಸುವ ಸ್ವಿಚ್), ದಪ್ಪ ತಂತಿ ಇಲ್ಲದೆ ಹಾಕಿದರೆ ಹೋಲ್ಡರ್ ಕರಗಬಹುದು; ಅವಿದ್ದರೂ ಬಿಸಿಗೆ ಪ್ಲಾಸ್ಟಿಕ್ ರಿಫ್ಲೆಕ್ಟರ್ (ಬಲ್ಬಿನ ಹಿಂದೆ ಬೆಳಕನ್ನು ರಸ್ತೆಗೆ ತಿರುಗಿಸುವ ಹೊಳಪಿನ ಬಟ್ಟಲು) ಕೆಡಬಹುದು. ರಸ್ತೆಯಲ್ಲಿ ಕಾನೂನಿನ ತಕರಾರೂ ಇದೆ.

ಹ್ಯಾಲೊಜೆನ್ ಜಾಗಕ್ಕೆ ತೂರಿಸುವ ಎಲ್‌ಇಡಿ ಬಲ್ಬ್ ಕರೆಂಟ್ ಉಳಿಸುತ್ತದೆ, ಬಿಳಿಯಾಗಿ ಮಿನುಗುತ್ತದೆ. ತೊಂದರೆ ರಿಫ್ಲೆಕ್ಟರ್‌ನದು: ಅದನ್ನು ಹ್ಯಾಲೊಜೆನ್ ಬಲ್ಬಿನೊಳಗೆ ಉರಿಯುವ ತಂತುವಿನ ಸ್ಥಾನಕ್ಕೆ ತಕ್ಕಂತೆ ರೂಪಿಸಲಾಗಿರುತ್ತದೆ. ಬೆಳಕು ಕೊಡುವ ಎಲ್‌ಇಡಿ ಚಿಪ್ ಆ ಸ್ಥಾನದಿಂದ ಕೂದಲೆಳೆಯಷ್ಟು ಆಚೀಚೆಯಾದರೂ ಬೆಳಕು ಚದುರಿ ಎದುರಿನ ಲಾರಿ ಚಾಲಕನ ಕಣ್ಣಿಗೆ ಹೊಡೆಯುತ್ತದೆ. ಮಂಜಿನಲ್ಲಿ ಚದುರಿದ ಬೆಳಕು ನಿಮ್ಮ ಕಣ್ಣಿಗೇ ತಿರುಗಿ ಬರುತ್ತದೆ.

ಹಣ ಕೊಡುವ ಮೊದಲು ಹೆಡ್‌ಲೈಟಿನ ಹಳದಿಯಾದ ಪ್ಲಾಸ್ಟಿಕ್ ಮುಚ್ಚಳವನ್ನು ಪಾಲಿಶ್ ಮಾಡಿಸಿ, ಬಲ್ಬಿಗೆ ತಲುಪುವ ವೋಲ್ಟೇಜ್ ಅಳೆಯಿಸಿ. ವೋಲ್ಟೇಜ್ ಶೇ. 10ರಷ್ಟು ತಗ್ಗಿದರೆ ಹ್ಯಾಲೊಜೆನ್ ಬೆಳಕು ಸುಮಾರು ಶೇ. 30ರಷ್ಟು ಕುಸಿಯುತ್ತದೆ. ಅಂಥಲ್ಲಿ ಹಳೆಯ 60/55 ಬಲ್ಬಿಗೇ ರಿಲೇ ಹಾಕಿಸಿದರೆ ಸಾಕು. ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅದನ್ನು ಬೇಗ ಕೊಲ್ಲುತ್ತದೆ.