ತಂಪು ಓಣಿ ಪರದೆ ಕಿಟ್: ನರಸಾಪುರ, ವೇಮಗಲ್ ಕಡೆಯ ಸರ್ವರ್ ರೂಮಿಗೆ ಕೊಳ್ಳಬಹುದೇ?

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿರುವಂಥ ಎಂಟು-ಹತ್ತು ಸರ್ವರ್ ಕಪಾಟಿನ, ಅಂದರೆ ರ‍್ಯಾಕಿನ ಸರ್ವರ್ ರೂಮಿಗೆ ಹೊಂದುವ ಕಿಟ್ ಇದು. ತಂಪು ಓಣಿ ಎಂದರೆ ಎರಡು ಸಾಲು ರ‍್ಯಾಕ್‌ಗಳ ನಡುವೆ ಎಸಿಯ ತಣ್ಣನೆ ಗಾಳಿ ಬರುವ ದಾರಿ, ಅದಕ್ಕೆ ಬಿಸಿ ಗಾಳಿ ಬೆರೆಯದಂತೆ ಮುಚ್ಚುವುದು ಕಿಟ್‌ನ ಉದ್ದೇಶ. ಓಣಿಯ ಎರಡೂ ತುದಿಗೆ ಪಿವಿಸಿ ಪಟ್ಟಿ ಪರದೆ, ಮೇಲೆ ಮುಚ್ಚಲು ಹಗುರ ಹಲಗೆ, ರ‍್ಯಾಕಿನ ಖಾಲಿ ಜಾಗಕ್ಕೆ 1ಯು (ಯು ಎಂದರೆ ರ‍್ಯಾಕಿನ ಎತ್ತರದ ಅಳತೆ) ಬ್ಲಾಂಕಿಂಗ್ ಪ್ಯಾನೆಲ್ ಎಂಬ ಮುಚ್ಚಳ, ನೆಲದ ಕೇಬಲ್ ತೂತಿಗೆ ಗಾಳಿ ಸೋರದಂತೆ ತಡೆಯುವ ಬ್ರಷ್ ಗ್ರೊಮೆಟ್. ಸಾಮಾನಿನಲ್ಲಿ ದೊಡ್ಡ ತಕರಾರಿಲ್ಲ. ಆದರೆ ಪರದೆ ತೂಗುಹಾಕಿದ ಮಾತ್ರಕ್ಕೆ ಬೆಸ್ಕಾಂ ಬಿಲ್ ಇಳಿಯದು. ಮುಂದಿನ ಕೆಲಸದ ಬಗ್ಗೆ ಕಿಟ್‌ನ ಕೈಪಿಡಿ ಮೌನ.

ಆ ಕೆಲಸ ಎಸಿಯದು. ಹಳೆಯ ಪ್ರಿಸಿಷನ್ ಎಸಿಗಳು (ಸರ್ವರ್ ರೂಮಿಗೆಂದೇ ಮಾಡಿದವು) ಹೆಚ್ಚಾಗಿ ವಾಪಸು ಬರುವ ಗಾಳಿಯ ಉಷ್ಣತೆ ನೋಡಿ ಓಡುತ್ತವೆ. ಓಣಿ ಮುಚ್ಚಿದ ಮೇಲೆ ಬಿಸಿ, ತಣ್ಣನೆ ಗಾಳಿ ಬೆರೆಯುವುದಿಲ್ಲ. ವಾಪಸು ಗಾಳಿ ಇನ್ನೂ ಬಿಸಿಯಾಗುತ್ತದೆ. ಸೆಟ್‌ಪಾಯಿಂಟ್ (ಎಸಿಗೆ ಕೊಟ್ಟ ಗುರಿ ಉಷ್ಣತೆ) 22 ಡಿಗ್ರಿಯಲ್ಲೇ ಬಿಟ್ಟರೆ ಕಂಪ್ರೆಸರ್ ಮೊದಲಿಗಿಂತ ಹೆಚ್ಚು ದುಡಿಯುತ್ತದೆ! ಸೆನ್ಸರನ್ನು ಸರ್ವರ್‌ಗಳ ಮುಂಭಾಗಕ್ಕೆ ತಂದು, ಒಳಹೋಗುವ ಗಾಳಿಯನ್ನು ವಾರಕ್ಕೊಂದು ಡಿಗ್ರಿಯಂತೆ 24–25ಕ್ಕೆ ಏರಿಸಿ. ಹವಾನಿಯಂತ್ರಣ ಎಂಜಿನಿಯರುಗಳ ಸಂಸ್ಥೆ ಆಶ್ರೇಯ ಶಿಫಾರಸು 18ರಿಂದ 27 ಡಿಗ್ರಿ. ಮೇಲಿನ ಸರ್ವರ್‌ನ ಮುಂದೆ ಅಳೆಯಿರಿ, ಬಿಸಿ ಮೊದಲು ಸೇರುವುದು ಅಲ್ಲಿಗೇ.

ಆಮೇಲೆ ಎಸಿಯ ಫ್ಯಾನ್. ವೇಗವನ್ನು 80 ಶೇಕಡಕ್ಕೆ ಇಳಿಸಿದರೆ ಅದು ಎಳೆಯುವ ವಿದ್ಯುತ್ ಸುಮಾರು ಅರ್ಧಕ್ಕೆ ಬರುತ್ತದೆ. ವೇಗ ಬದಲಿಸಬಲ್ಲ ಇಸಿ ಫ್ಯಾನ್ ಅಥವಾ ಮೋಟರಿನ ವೇಗ ಬದಲಿಸುವ ವಿಎಫ್‌ಡಿ ಇಲ್ಲದಿದ್ದರೆ ಈ ಲಾಭ ಸಿಗದು. ತೀರಾ ಇಳಿಸಲೂಬಾರದು, ಡಿಎಕ್ಸ್ (ಕಾಯಿಲ್ ಒಳಗೇ ಶೀತಕ ಹರಿಯುವ) ಎಸಿಯ ಕಾಯಿಲ್ ಮೇಲೆ ಮಂಜುಗಟ್ಟುತ್ತದೆ. ಹೀಗೆ 3 ಕಿಲೋವ್ಯಾಟ್ ಉಳಿದರೆ ವರ್ಷಕ್ಕೆ 26,280 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೂ ಎರಡು ಲಕ್ಷ ದಾಟಿತು.

ಜೋಡಿಸುವಾಗ ಕೆಡುವುದು ಎತ್ತರದಲ್ಲಿ. ಬೇರೆಬೇರೆ ಕಂಪನಿಯ ರ‍್ಯಾಕ್‌ಗಳು ಒಂದೇ ಮಟ್ಟಕ್ಕೆ ನಿಲ್ಲುವುದಿಲ್ಲ, ಕಿಟ್‌ನ ಹಲಗೆ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಸಂದಿಗೆ ಫೋಮ್ ಪಟ್ಟಿ ಬೇರೆ ತರಬೇಕು. ಪ್ಯಾನೆಲ್‌ಗಳೂ ಸಾಲವು. 42ಯು ರ‍್ಯಾಕಿನಲ್ಲಿ 16ಯು ಮಾತ್ರ ತುಂಬಿದ್ದರೆ 26 ಬೇಕು, ಆದ್ದರಿಂದ ಎಣಿಸಿಯೇ ಆರ್ಡರ್ ಕೊಡಿ. ಸ್ಕ್ರೂ ಬೇಡದ, ಒತ್ತಿ ಕೂರಿಸುವ ಪ್ಯಾನೆಲ್ ಕೊಟ್ಟಿರುವುದು ಮಾತ್ರ ಜಾಣತನ. ಸ್ಕ್ರೂನದನ್ನು ಒಮ್ಮೆ ತೆಗೆದವರು ಮತ್ತೆ ಹಾಕುವುದು ಅಪರೂಪ.

ಪಕ್ಕದಿಂದ ಗಾಳಿ ಎಳೆಯುವ ನೆಟ್‌ವರ್ಕ್ ಸ್ವಿಚ್‌ಗಳಿದ್ದರೆ ಎಚ್ಚರ. ಓಣಿ ಮುಚ್ಚಿದ ಮೇಲೆ ಅವು ಬಿಸಿ ಗಾಳಿಯನ್ನೇ ಕುಡಿಯುತ್ತವೆ, ಡಕ್ಟ್ ಪ್ರತ್ಯೇಕವಾಗಿ ಬೇಕು. ಚಾವಣಿಯಲ್ಲಿ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಅಥವಾ ಗ್ಯಾಸ್ ನಾಝಲ್ ಇದ್ದರೆ ಹಲಗೆ ಅದಕ್ಕೆ ಅಡ್ಡ. ಬಿಸಿಗೆ ತಾನಾಗಿ ಕಳಚುವ ಹಲಗೆ, ಬೆಂಕಿ ಹಿಡಿಯದ ಮತ್ತು ಸ್ಥಿರವಿದ್ಯುತ್ ತಡೆಯುವ ಪರದೆ ಎಂದು ಪ್ರಮಾಣಪತ್ರ ಕೇಳಿ. ಅಗ್ನಿಸುರಕ್ಷೆಯವರ ಒಪ್ಪಿಗೆಯಿಲ್ಲದೆ ಮೇಲೆ ಮುಚ್ಚುವುದು ಬೇಡ, ಪರದೆ ಮಾತ್ರ ಹಾಕಿದರೂ ಒಂದಷ್ಟು ಪ್ರಯೋಜನವಿದೆ.

ಇದೇ ದುಡ್ಡಿಗೆ ನೀರು ಆವಿಯಾಗಿಸಿ ಗಾಳಿ ತಂಪು ಮಾಡುವ ಕೂಲರ್ ಕೊಳ್ಳುವ ಆಲೋಚನೆ ಇದ್ದವರಿಗೆ ಒಂದು ಮಾತು: ಕೋಲಾರದ ಬೋರ್‌ವೆಲ್ ನೀರು ಗಡಸು. ಮೆದುಗೊಳಿಸದೆ ಬಿಟ್ಟರೆ ಪ್ಯಾಡ್ ಮೇಲೆ ಸುಣ್ಣ ಕಟ್ಟಿ ಗಾಳಿಯೇ ನುಗ್ಗದು. ಹೊರಗಾಳಿ ನೇರವಾಗಿ ಒಳಬಿಡುವುದಾದರೆ ಕ್ವಾರಿ ಧೂಳಿಗೆ ಸಣ್ಣ ಧೂಳೂ ಹಿಡಿಯುವ ಮರ್ವ್ 13 ದರ್ಜೆಯ ಫಿಲ್ಟರ್ ಬೇಕು. ಫಿಲ್ಟರ್ ಕಟ್ಟಿಕೊಂಡಷ್ಟೂ ಫ್ಯಾನ್ ಖರ್ಚು ಏರುತ್ತದೆ. ಹತ್ತು ರ‍್ಯಾಕಿನ ಕೋಣೆಗೆ ಅದೆಲ್ಲಕ್ಕಿಂತ ಈ ಕಿಟ್ ಲೇಸು. ಅಂಕ 5ಕ್ಕೆ 3.5, ಎಸಿ ಟ್ಯೂನಿಂಗ್ ಸೇರಿಸಿ ಕೊಟ್ಟರೆ 4. ಒಂದೇ ಸಾಲಿನ ಮೂರ್ನಾಲ್ಕು ರ‍್ಯಾಕ್ ಇರುವವರು ಪ್ಯಾನೆಲ್, ಗ್ರೊಮೆಟ್ ಮಾತ್ರ ಬಿಡಿಯಾಗಿ ಕೊಂಡರೆ ಸಾಕು.