ತಾಮ್ರದ ಪೈಪು, ಅಯಸ್ಕಾಂತದ ಕಿಟ್: ಕೊಳ್ಳುವ ಮುಂಚೆ ಅಳತೆ ನೋಡಿ

‘ಲೆನ್ಜ್ ನಿಯಮದ ಕಿಟ್’ ಎಂದು ಆನ್‌ಲೈನ್‌ನಲ್ಲೂ ಲ್ಯಾಬ್ ಸಾಮಾನು ಮಾರುವ ಅಂಗಡಿಗಳಲ್ಲೂ ಸಿಗುವ ಡಬ್ಬಿಯಲ್ಲಿ ಇರುವುದು ಮೂರೇ ವಸ್ತು: ಒಂದು ತಾಮ್ರದ ಪೈಪು, ಒಂದು ನಿಯೋಡಿಮಿಯಂ ಅಯಸ್ಕಾಂತ, ಅದೇ ಗಾತ್ರದ ಒಂದು ಮಾಮೂಲಿ ಲೋಹದ ತುಂಡು. ಲೋಹದ ತುಂಡನ್ನು ಪೈಪಿನೊಳಗೆ ಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗಿರುತ್ತದೆ. ಅಯಸ್ಕಾಂತ ಮಾತ್ರ ಆರಾಮಾಗಿ ಇಳಿಯುತ್ತದೆ: ಅದರ ಚಲನೆಯಿಂದ ಪೈಪಿನ ಗೋಡೆಯಲ್ಲಿ ಹುಟ್ಟುವ ವಿದ್ಯುತ್ತು ಅದೇ ಚಲನೆಯನ್ನು ತಡೆಯುತ್ತದೆ, ಇದೇ ಲೆನ್ಜ್ ನಿಯಮ. ವಿದ್ಯುತ್ಕಾಂತೀಯತೆ, ಉಷ್ಣಗತಿ ವಿಜ್ಞಾನ, ಸಾಪೇಕ್ಷತೆ ಈ ಮೂರರಲ್ಲೂ ಕುತೂಹಲಿಗಳನ್ನು ಕಾಡುವ ಮೂಲ ಪ್ರಶ್ನೆಗಳಿಗೆ ಇಷ್ಟು ಅಗ್ಗದಲ್ಲಿ ಕೈಯಲ್ಲೇ ಉತ್ತರ ತೋರಿಸುವ ಇನ್ನೊಂದು ಸಾಮಾನು ಸಿಗುವುದು ಕಷ್ಟ. ಆದರೆ ಮಾರುಕಟ್ಟೆಯಲ್ಲಿರುವ ಎಷ್ಟೋ ಸೆಟ್‌ಗಳ ಅಳತೆಯೇ ಸರಿಯಿಲ್ಲ. ಜೊತೆಗೆ ಬರುವ ವಿವರಣೆಯ ಹಾಳೆಯಂತೂ ಮೂರರಲ್ಲಿ ಒಂದನ್ನು ಮುಟ್ಟಿ ಉಳಿದೆರಡನ್ನು ಬಿಟ್ಟೇಬಿಡುತ್ತದೆ.

ಮೊದಲು ಅಳತೆ. ಎಲ್ಲಕ್ಕಿಂತ ಮುಖ್ಯವಾದದ್ದು ಅಯಸ್ಕಾಂತಕ್ಕೂ ಪೈಪಿನ ಗೋಡೆಗೂ ನಡುವಿನ ಸಂದು. ಅಯಸ್ಕಾಂತ ಪುಟ್ಟದಾಗಿದ್ದರೆ ತಡೆಯುವ ಬಲ ಪೈಪಿನ ತ್ರಿಜ್ಯದ ನಾಲ್ಕನೇ ಘಾತದಂತೆ ಕುಸಿಯುತ್ತದೆ. ತ್ರಿಜ್ಯ ಎರಡು ಪಟ್ಟಾದರೆ ಬಲ ಹದಿನಾರನೇ ಒಂದು ಪಾಲು. ಒಂದಿಂಚು ಪೈಪಿಗೆ ಬಟಾಣಿಯಂಥ ಅಯಸ್ಕಾಂತ ಕೊಟ್ಟಿರುವ ಸೆಟ್ ಸಪ್ಪೆಯಾಗುವುದು ಇದರಿಂದಲೇ. ಎಸಿ ರಿಪೇರಿಯವರು ಬಳಸುವ 5/8 ಇಂಚಿನ ಪೈಪು, 1 ಮಿ.ಮೀ. ದಪ್ಪದ ಗೋಡೆ ಇರುವಂಥದ್ದು, ಅದಕ್ಕೆ 12 ಮಿ.ಮೀ. ವ್ಯಾಸ, 12 ಮಿ.ಮೀ. ಉದ್ದದ ಉರುಳೆ ಅಯಸ್ಕಾಂತ: ಇದು ಒಳ್ಳೆಯ ಜೋಡಿ. ಸುತ್ತ ಒಂದು ಮಿ.ಮೀ.ನಷ್ಟು ಸಂದು ಉಳಿಯುತ್ತದೆ. ಅರ್ಧ ಮೀಟರ್ ಇಳಿಯಲು ಸುಮಾರು 5 ಸೆಕೆಂಡು ಬೇಕು. ತಡೆಯಿಲ್ಲದೆ ಬಿದ್ದರೆ 0.32 ಸೆಕೆಂಡು ಸಾಕು. ಎನ್35 ದರ್ಜೆಯ ಅಯಸ್ಕಾಂತದ ಬದಲು ಇನ್ನೂ ಬಲವಾದ ಎನ್52 ಹಾಕಿದರೆ ಸಮಯ ಒಂದೂವರೆ ಪಟ್ಟಿನ ಹತ್ತಿರ ಹೋಗುತ್ತದೆ, ಏಕೆಂದರೆ ತಡೆಯುವ ಬಲವು ಕಾಂತತೆಯ ವರ್ಗಕ್ಕೆ (ಕಾಂತತೆ × ಕಾಂತತೆ) ತಕ್ಕಂತೆ ಏರುತ್ತದೆ. ಬಿಲ್ಲೆಯಾಕಾರದ ತೆಳು ಅಯಸ್ಕಾಂತ ಬೇಡ, ಒಳಗೆ ಮಗುಚಿಕೊಳ್ಳುತ್ತದೆ.

‘ಎರಡು ಅಯಸ್ಕಾಂತ ಜೋಡಿಸಿ ಬಿಟ್ಟರೆ ಇನ್ನೂ ನಿಧಾನ’ ಎಂದು ಕೆಲವು ಹಾಳೆಗಳಲ್ಲಿ ಅಚ್ಚಾಗಿರುತ್ತದೆ. ಈ ಅಳತೆಯ ಜೋಡಿಗೆ ಅದು ತಪ್ಪು. ಗೋಡೆಯಲ್ಲಿ ಹೆಚ್ಚಿನ ವಿದ್ಯುತ್ ಹುಟ್ಟುವುದು ಎರಡು ತುದಿಗಳ ಧ್ರುವಗಳ ಸುತ್ತ. ಉರುಳೆ ಉದ್ದವಾದಾಗ ತೂಕ ಇಮ್ಮಡಿಯಾಗುತ್ತದೆ, ಧ್ರುವಗಳು ಮಾತ್ರ ಎರಡೇ ಉಳಿಯುತ್ತವೆ. ಹಾಗಾಗಿ ಜೋಡಿ ಅಯಸ್ಕಾಂತ ಒಂಟಿಗಿಂತ ಬೇಗ ಇಳಿಯುತ್ತದೆ. ಮಾಡಿ ನೋಡಲೇಬೇಕಾದ ಪ್ರಯೋಗ ಇದು.

ಪೈಪಿನಲ್ಲಿ ಮೋಸವೂ ಉಂಟು. ತಾಮ್ರದ ಲೇಪ ಕೊಟ್ಟ ಕಬ್ಬಿಣವಾದರೆ ಅಯಸ್ಕಾಂತ ತಕ್ಷಣ ಅಂಟಿಕೊಂಡು ಗುಟ್ಟು ರಟ್ಟಾಗುತ್ತದೆ. ತಾಮ್ರದ ಬಣ್ಣದ ಹಿತ್ತಾಳೆಯಾದರೆ ಅಂಟುವುದಿಲ್ಲ, ಆದರೆ ಹಿತ್ತಾಳೆಯ ವಿದ್ಯುತ್ ವಾಹಕತೆ ತಾಮ್ರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಅಯಸ್ಕಾಂತ ಜಾರಿಹೋಗುತ್ತದೆ. ಸುರುಳಿಯಿಂದ ಬಿಚ್ಚಿ ಕತ್ತರಿಸಿದ ಮೆತು ಪೈಪು ನೆಟ್ಟಗಿರುವುದಿಲ್ಲ, ಅಯಸ್ಕಾಂತ ಗೋಡೆಗೆ ಉಜ್ಜುತ್ತದೆ. ಪೈಪ್ ಕಟರ್‌ನಲ್ಲಿ ಕತ್ತರಿಸಿದ ಬಾಯಿ ಒಳಕ್ಕೆ ಮಡಚಿಕೊಂಡು ಕಿರಿದಾಗಿರುತ್ತದೆ. ಅರದಿಂದ ಉಜ್ಜಿ ಬಿಡಿಸದಿದ್ದರೆ ಅಯಸ್ಕಾಂತ ಅಲ್ಲೇ ಸಿಕ್ಕಿಕೊಳ್ಳುತ್ತದೆ. ದುಡ್ಡು ಉಳಿಸಬೇಕೆನ್ನುವವರು ಅಲ್ಯುಮಿನಿಯಂ ಸೆಕ್ಷನ್ ಅಂಗಡಿಯಲ್ಲಿ ಅದೇ ಒಳವ್ಯಾಸದ, 2 ಮಿ.ಮೀ. ಗೋಡೆಯ ದುಂಡು ಪೈಪು ಕೇಳಿ. ವಾಹಕತೆಯ ಕೊರತೆಯನ್ನು ದಪ್ಪ ತುಂಬಿಕೊಡುತ್ತದೆ. ತೆಳು ತಾಮ್ರಕ್ಕಿಂತ ಅದೇ ವಾಸಿ.

ಈಗ ಪ್ರಶ್ನೆಗಳು. ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲವಲ್ಲ, ಮತ್ತೆ ಹಿಡಿಯುವುದು ಯಾರು? 1824ರ ಸುಮಾರಿಗೆ ಫ್ರಾನ್ಸಿನ ವಿಜ್ಞಾನಿ ಅರಗೋ ತಾಮ್ರದ ತಟ್ಟೆ ತಿರುಗಿಸಿ ಮೇಲಿನ ಕಾಂತಸೂಜಿಯೂ ಎಳೆದಂತೆ ತಿರುಗುವುದನ್ನು ಕಂಡಾಗ ಎದ್ದದ್ದೂ ಇದೇ ಪ್ರಶ್ನೆ. 1831ರಲ್ಲಿ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು (ಬದಲಾಗುವ ಕಾಂತಕ್ಷೇತ್ರ ವಿದ್ಯುತ್ ಹುಟ್ಟಿಸುವುದನ್ನು) ಕಂಡುಹಿಡಿದ ಮೇಲೆ ಉತ್ತರ ಸಿಕ್ಕಿತು. ಇಳಿಯುವ ಅಯಸ್ಕಾಂತದಿಂದ ಪೈಪಿನ ಪ್ರತಿ ಸುತ್ತಿನಲ್ಲೂ ಕಾಂತಕ್ಷೇತ್ರ ಬದಲಾಗುತ್ತದೆ, ಗೋಡೆಯಲ್ಲಿ ಸುಳಿ ವಿದ್ಯುತ್ ಹರಿಯುತ್ತದೆ, ಅದರ ಕ್ಷೇತ್ರ ಇಳಿತವನ್ನು ವಿರೋಧಿಸುತ್ತದೆ. ಹಾಗಾದರೆ ಪೂರ್ತಿ ಯಾಕೆ ನಿಲ್ಲುವುದಿಲ್ಲ? ನಿಂತರೆ ಬದಲಾವಣೆಯೇ ಇಲ್ಲ, ವಿದ್ಯುತ್ತೂ ಇಲ್ಲ, ತಡೆಯೂ ಇಲ್ಲ. ಹಾಗಾಗಿ ಬಿಟ್ಟ ನೂರನೇ ಒಂದು ಸೆಕೆಂಡಿನ ಆಸುಪಾಸಿನಲ್ಲೇ ವೇಗ ಒಂದು ಮಟ್ಟಕ್ಕೆ ಬಂದು ಅಲ್ಲೇ ನೆಲೆಸುತ್ತದೆ. ಅರ್ಧ ಉದ್ದದ ಪೈಪಿಗೆ ಸರಿಯಾಗಿ ಅರ್ಧ ಸಮಯ ಬಾರದಿದ್ದರೆ ಪೈಪು ಓರೆಯಾಗಿದೆ ಅಥವಾ ಹತ್ತಿರದಲ್ಲಿ ಕಬ್ಬಿಣವಿದೆ ಎಂದರ್ಥ.

ಪೈಪನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಕೆಳಗೊಂದು 5 ಸೆಂ.ಮೀ. ಮರದ ತುಂಡಿಡಿ, ಇಲ್ಲದಿದ್ದರೆ ಅಯಸ್ಕಾಂತ ತಕ್ಕಡಿಯ ಉಕ್ಕಿನ ಭಾಗಗಳನ್ನು ಎಳೆದು ಅಂಕಿ ಕೆಡಿಸುತ್ತದೆ. ತಕ್ಕಡಿಯನ್ನು ಸೊನ್ನೆ ಮಾಡಿ ಅಯಸ್ಕಾಂತ ಬಿಡಿ. ಅದು ಇನ್ನೂ ಗಾಳಿಯಲ್ಲಿ, ಯಾವುದಕ್ಕೂ ತಾಗದೆ ಇಳಿಯುತ್ತಿರುವಾಗಲೇ ತಕ್ಕಡಿ ಅದರ ತೂಕವನ್ನು, ಸುಮಾರು 10 ಗ್ರಾಂ, ತೋರಿಸುತ್ತದೆ! ಗುರುತ್ವ ಕಡಿಮೆಯಾಗಿಲ್ಲ, ಭಾರ ಪೈಪಿನ ಮೇಲೆ ಬಿದ್ದಿದೆ. ‘ಆಂಟಿ ಗ್ರಾವಿಟಿ’ ಎಂದು ಹೆಸರಿಟ್ಟು ಮಾರುವವರಿಗೆ ಈ ಒಂದು ಅಂಕಿ ಸಾಕು.

ಇನ್ನು ಶಕ್ತಿ ಎಲ್ಲಿ ಹೋಯಿತು? 10 ಗ್ರಾಂ ತೂಕ ಅರ್ಧ ಮೀಟರ್ ಇಳಿದರೆ 0.05 ಜೂಲ್. ಹೆಚ್ಚುಕಮ್ಮಿ ಅಷ್ಟೂ ಪೈಪಿನಲ್ಲಿ ಶಾಖವಾಗುತ್ತದೆ. ಪೈಪಿನ ತೂಕ 200 ಗ್ರಾಂ ಆಸುಪಾಸು, ಅದನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 80 ಜೂಲ್ ಬೇಕು. ಅಂದರೆ ಒಂದು ಹನಿ ಶಾಖವೂ ಸೋರದಿದ್ದರೆ 1600 ಸಲ ಬಿಟ್ಟ ಮೇಲೆ ಒಂದು ಡಿಗ್ರಿ. ‘ಪೈಪು ಬಿಸಿಯಾಗುವುದನ್ನು ಮುಟ್ಟಿ ನೋಡಿ’ ಎಂಬ ಸೂಚನೆ ಕಂಡರೆ ನಂಬಬೇಡಿ. ಕೈಗೆ ತಾಗುವುದು ನಿಮ್ಮದೇ ಕೈಯ ಬಿಸಿ. ಆ ಶಾಖ ತಾನಾಗಿ ಒಗ್ಗೂಡಿ ಅಯಸ್ಕಾಂತವನ್ನು ಮೇಲಕ್ಕೆ ತಳ್ಳಬಾರದೇಕೆ ಎಂದು ಕೇಳಿದರೆ ಅಲ್ಲಿಗೆ ಉಷ್ಣಗತಿ ವಿಜ್ಞಾನದ ಎರಡನೇ ನಿಯಮ ಬಂತು: 0.05 ಜೂಲ್ ಪೈಪಿನ ಅಸಂಖ್ಯ ಪರಮಾಣುಗಳ ಅಡ್ಡಾದಿಡ್ಡಿ ಅಲುಗಾಟದಲ್ಲಿ ಹಂಚಿಹೋಗಿದೆ, ಅವೆಲ್ಲ ಒಂದೇ ದಿಕ್ಕಿಗೆ ಒಮ್ಮೆಗೇ ಕೂಡಿಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಉಷ್ಣತೆಯ ಪಾತ್ರವನ್ನು ಕಣ್ಣಾರೆ ನೋಡಬೇಕೆಂದರೆ 30 ಸೆಂ.ಮೀ. ಪೈಪಿನ ತುಂಡನ್ನು ಒಂದು ಗಂಟೆ ಫ್ರೀಜರ್‌ನಲ್ಲಿಡಿ, ಅಯಸ್ಕಾಂತ ಹೊರಗಿರಲಿ. ತೆಗೆದು ಅರ್ಧ ನಿಮಿಷದೊಳಗೆ ಬಿಟ್ಟರೆ ಇಳಿತ ಇನ್ನಷ್ಟು ನಿಧಾನ, ಏಕೆಂದರೆ ತಣ್ಣಗಾದ ತಾಮ್ರದ ರೋಧ ಕಡಿಮೆ. ತಡಮಾಡಿದರೆ ಒಳಗೆ ಇಬ್ಬನಿ ಕೂತು ಅಯಸ್ಕಾಂತ ಅಂಟಿ ಲೆಕ್ಕ ತಪ್ಪುತ್ತದೆ. ಕೈಗಡಿಯಾರ ನಂಬದೆ ಮೊಬೈಲ್ ವಿಡಿಯೊ ತೆಗೆದು ಫ್ರೇಮ್ ಎಣಿಸಿ.

ಮೂರನೆಯದು, ಅಂದರೆ ಸಾಪೇಕ್ಷತೆ, ನಿಜಕ್ಕೂ ಈ ಕಿಟ್‌ನ ಕಿರೀಟ. 1905ರಲ್ಲಿ ಐನ್‌ಸ್ಟೈನ್ ಸಾಪೇಕ್ಷತೆಯ ಪ್ರಬಂಧವನ್ನು ಆರಂಭಿಸಿದ್ದು ಗಡಿಯಾರ, ರೈಲುಗಳಿಂದಲ್ಲ, ಒಂದು ಅಯಸ್ಕಾಂತ ಮತ್ತು ಒಂದು ವಾಹಕದಿಂದ. ಅಯಸ್ಕಾಂತ ಚಲಿಸಿದರೆ ‘ವಿದ್ಯುತ್ ಕ್ಷೇತ್ರ ಹುಟ್ಟಿತು’ ಎನ್ನುತ್ತಿದ್ದರು. ವಾಹಕ ಚಲಿಸಿದರೆ ‘ಕಾಂತಬಲ ಎಲೆಕ್ಟ್ರಾನುಗಳನ್ನು ತಳ್ಳಿತು’ ಎನ್ನುತ್ತಿದ್ದರು. ವಿವರಣೆ ಎರಡು, ಹರಿದ ವಿದ್ಯುತ್ ಮಾತ್ರ ಒಂದೇ. ಪರಸ್ಪರ ಚಲನೆಯಷ್ಟೇ ಲೆಕ್ಕಕ್ಕೆ ಬರುತ್ತದೆ ಎಂಬ ಹಾದಿಗೆ ಅವರು ಬಂದದ್ದು ಇಲ್ಲಿಂದ. ‘ಸಾಪೇಕ್ಷತೆ ಬೆಳಕಿನ ವೇಗದ ಹತ್ತಿರ ಮಾತ್ರವಲ್ಲವೇ?’ ಎಂದು ಕೇಳುವವರು ಸೆಕೆಂಡಿಗೆ 10 ಸೆಂ.ಮೀ. ವೇಗದಲ್ಲೂ ಈ ತತ್ವವನ್ನು ಕಾಣಬಹುದು. ಅದಕ್ಕೆ ಉದ್ದಕ್ಕೆ 2 ಮಿ.ಮೀ. ಸೀಳಿರುವ ಇನ್ನೊಂದು ಪೈಪು ಬೇಕು. ಹ್ಯಾಕ್ಸಾದಲ್ಲಿ ಸೀಳಬಹುದು, ಒಳಗಿನ ಚೂಪನ್ನು ಉಜ್ಜಿ ತೆಗೆಯಿರಿ. ಸೀಳು ಪೂರ್ತಿ ಸುತ್ತು ಹರಿಯುವ ವಿದ್ಯುತ್ತನ್ನು ಕಡಿಯುವುದರಿಂದ ಅಯಸ್ಕಾಂತ ಇದರಲ್ಲಿ ಸ್ವಲ್ಪ ಬೇಗ ಇಳಿಯುತ್ತದೆ, ಆದರೂ ಗೋಡೆಯಲ್ಲಿ ಚಿಕ್ಕ ಸುಳಿಗಳು ಉಳಿಯುವುದರಿಂದ ಧೊಪ್ಪನೆ ಬೀಳುವುದಿಲ್ಲ. ಅಯಸ್ಕಾಂತ ಬಿಟ್ಟ ಕೂಡಲೇ ಪೈಪನ್ನು ಅದರ ಇಳಿತದ ವೇಗದಲ್ಲೇ ಮೇಲಕ್ಕೆತ್ತುತ್ತಾ ಹೋಗಿ. ಸೀಳಿನಲ್ಲಿ ನೋಡಿದರೆ ಅಯಸ್ಕಾಂತ ಕೋಣೆಗೆ ಹೋಲಿಸಿ ನಿಂತಲ್ಲೇ ನಿಂತಿರುತ್ತದೆ, ಪೈಪು ಮಾತ್ರ ಅದನ್ನು ದಾಟಿ ಮೇಲೇರುತ್ತದೆ. ತಡೆಯುವ ಬಲ ಎರಡೂ ಸಲ ಅಷ್ಟೇ.

ಸೀಳು ಪೈಪು ಇರುವ ಸೆಟ್ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ. ಅಯಸ್ಕಾಂತ ಬೀಳುವ ಕಡೆ ದಪ್ಪ ಬಟ್ಟೆ ಹಾಸಿ. ನೆಲಕ್ಕೆ ಬಡಿದರೆ ನಿಕ್ಕಲ್ ಲೇಪ ಒಡೆದು ಒಳಗೆ ತುಕ್ಕು ಹಿಡಿಯುತ್ತದೆ. 80 ಡಿಗ್ರಿ ದಾಟಿದ ಬಿಸಿಗೆ ಒಡ್ಡಿದರೆ ಸಾಮಾನ್ಯ ದರ್ಜೆಯ ಅಯಸ್ಕಾಂತ ಶಾಶ್ವತವಾಗಿ ಬಲ ಕಳೆದುಕೊಳ್ಳಬಹುದು. ಪೇಸ್‌ಮೇಕರ್ ಇರುವವರಿಂದ ದೂರವಿಡಿ. ಸಣ್ಣ ಮಕ್ಕಳ ಕೈಗೆ ಎಟುಕದಂತೆ ಇಡಿ. ಎರಡು ಅಯಸ್ಕಾಂತ ನುಂಗಿದರೆ ಕರುಳನ್ನು ನಡುವೆ ಒತ್ತಿ ತೂತು ಮಾಡಬಲ್ಲವು, ಅಂಥ ಅನುಮಾನ ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.