ಮಂಡಿನೋವಿಗೆ ಲಕ್ಕಿ ಸೊಪ್ಪೋ, ಎಣ್ಣೆಯೋ, ಮಾತ್ರೆಯೋ, ಸಂತೆಯ ಪುಡಿಯೋ?

ಮೂಡಿಗೆರೆ ಕಡೆ ಕಾಫಿ ಕೊಯ್ಲು ಶುರುವಾಯಿತೆಂದರೆ ಮನೆಮನೆಯಲ್ಲೂ ಮಂಡಿನೋವಿನ ಮಾತೇ. ಇಳಿಜಾರಿನಲ್ಲಿ ದಿನವಿಡೀ ಹತ್ತಿ ಇಳಿದರೆ ಇನ್ನೇನಾಗುತ್ತದೆ? ನಮ್ಮಮ್ಮನಿಗೆ ಮಂಡಿ ಸವೆದಿದೆ, ಜೊತೆಗೆ ಬಿಪಿ, ಶುಗರ್ ಬೇರೆ. ನೋವಿನ ಮಾತ್ರೆ ದಿನಾ ನುಂಗಿದರೆ ಕಿಡ್ನಿಗೆ ಒಳ್ಳೆಯದಲ್ಲ ಎಂದು ಡಾಕ್ಟರ್ ಹೇಳಿದ ಮೇಲೆ ಗಿಡಮೂಲಿಕೆ ಕಡೆ ತಿರುಗಿದೆವು. ನಾಲ್ಕು ಥರ ನೋಡಿಯಾಯಿತು. ನನ್ನ ಓಟು ಲಕ್ಕಿ ಸೊಪ್ಪಿಗೆ.

ಬಾಣಂತಿ ಸ್ನಾನದ ನೀರಿಗೆ ಹಾಕುತ್ತಾರಲ್ವಾ, ಅದೇ ಸೊಪ್ಪು. ಹರಳೆಣ್ಣೆಯಲ್ಲಿ ಬಾಡಿಸಿ, ಹಳೆ ಪಂಚೆ ತುಂಡಿನಲ್ಲಿ ಗಂಟು ಕಟ್ಟಿ, ಬಿಸಿ ಇರುವಾಗ ಮಂಡಿಗೆ ಒತ್ತಬೇಕು. ನೋವು ಪೂರ್ತಿ ಹೋಗುವುದಿಲ್ಲ, ಆದರೆ ಬಿಗಿತ ಸಡಿಲವಾಗಿ ಅಮ್ಮ ಮೆಟ್ಟಿಲು ಇಳಿಯುತ್ತಾರೆ. ಅರ್ಧ ಗುಣ ಬರೀ ಶಾಖದ್ದೇ ಇರಬಹುದು, ಇರಲಿ ಬಿಡಿ. ಹೊಟ್ಟೆಗೆ ಏನೂ ಹೋಗುವುದಿಲ್ಲ. ಸುಡದ ಹಾಗೆ ಮಾತ್ರ ನೋಡಿಕೊಳ್ಳಬೇಕು. ಶುಗರ್ ಇದ್ದವರಿಗೆ ಕೆಲವೊಮ್ಮೆ ಕಾಲಿಗೆ ಬಿಸಿಯೇ ಗೊತ್ತಾಗದೆ ಬೊಬ್ಬೆ ಏಳುತ್ತದೆ, ಅದಕ್ಕೇ ಗಂಟನ್ನು ಮೊದಲು ನನ್ನ ಮುಂಗೈಗೆ ಒತ್ತಿ ನೋಡುತ್ತೇನೆ.

ನೋವಿಗೆ ಹಚ್ಚುವ ವಿಂಟರ್‌ಗ್ರೀನ್ ಎಣ್ಣೆ ಬೇಗ ಹಿಡಿಯುತ್ತದೆ, ವಾಸನೆ ಮನೆಯೆಲ್ಲಾ. ಅದರಲ್ಲಿರುವುದು ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ ಬಳಗದ್ದೇ. ಒಂದು ಟೀ ಚಮಚ ಶುದ್ಧ ಎಣ್ಣೆ ಅಂದರೆ ಸುಮಾರು 20 ಆಸ್ಪಿರಿನ್ ಮಾತ್ರೆಗೆ ಸಮ, ಹಾಗಾಗಿ ಮಕ್ಕಳ ಕೈಗೆ ಸಿಗಲೇಬಾರದು. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರು ಹಚ್ಚಿಕೊಂಡರೆ ರಕ್ತಸ್ರಾವದ ಭಯ. ಹಚ್ಚಿದ ಮೇಲೆ ಬಿಸಿ ಶಾಖವನ್ನೂ ಕೊಡಬಾರದು.

ಶಲ್ಲಕಿ ಮಾತ್ರೆ ಕೆಟ್ಟದ್ದೇನಲ್ಲ. ಮರದ ಅಂಟಿನಿಂದ ಮಾಡಿದ್ದು, ಗುಣ ಕಾಣಲು ವಾರಗಟ್ಟಲೆ ಬೇಕು. ಅಮ್ಮನಿಗೆ ಎದೆಯುರಿ ಬಂತು, ಖರ್ಚೂ ಜಾಸ್ತಿ. ನಿಲ್ಲಿಸಿದೆವು.

ಇನ್ನು ಆ ಪುಡಿ. ಚಿಕ್ಕಮ್ಮ ಸಂತೆಯಿಂದ ತಂದು, 'ಅಕ್ಕಾ, ಇದೊಂದು ತಗೊಂಡು ನೋಡೇ, ಬರೀ ಬೇರು-ನಾರು' ಅಂದರು. ಪ್ಲಾಸ್ಟಿಕ್ ಪೊಟ್ಟಣ, ಹೆಸರಿಲ್ಲ, ಊರಿಲ್ಲ. ಮರುದಿನಕ್ಕೇ ನೋವು ಮಾಯ! ಅಮ್ಮ ತೋಟಕ್ಕೆ ಹೋಗಿಬಂದರು, ಹಸಿವೂ ಜಾಸ್ತಿಯಾಯಿತು. ನಮಗೆಲ್ಲಾ ಖುಷಿ. ಆಮೇಲೆ ಮುಖ ಊದಿಕೊಂಡಿತು, ಹತೋಟಿಯಲ್ಲಿದ್ದ ಶುಗರ್ ಏರಿತು.

ಪೊಟ್ಟಣ ನೋಡಿದ ಡಾಕ್ಟರ್ ಇದರಲ್ಲಿ ಸ್ಟೀರಾಯ್ಡ್, ಅಂದರೆ ಊತ-ನೋವು ಬೇಗ ಇಳಿಸುವ ಜೋರು ಔಷಧಿ, ಬೆರೆಸಿರುವ ಅನುಮಾನ ಇದೆ ಎಂದರು. ನೋವಿನ ಪುಡಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಬೆರೆಸಿ ಮಾರುವುದು ಎಷ್ಟೋ ಕಡೆ ಸಿಕ್ಕಿಬಿದ್ದಿದೆ. ನಾವು ಕೂಡಲೇ ಪುಡಿ ಬಿಸಾಕಲು ಹೊರಟಿದ್ದೆವು, ಅವರು ತಡೆದರು. ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿ ಸ್ಟೀರಾಯ್ಡ್ ಥರದ್ದೇ ಹಾರ್ಮೋನ್ ತಯಾರಿಸುತ್ತದೆ, ಹೊರಗಿನಿಂದ ದಿನಾ ಬರುತ್ತಿದ್ದರೆ ಅದು ಕೆಲಸ ನಿಲ್ಲಿಸಿಬಿಡುತ್ತದೆ, ಆಗ ಏಕಾಏಕಿ ಬಿಟ್ಟರೆ ಬಿಪಿ ಬಿದ್ದು ಜೀವಕ್ಕೇ ಕುತ್ತು ಬರಬಹುದಂತೆ. ಅಳತೆ ಗೊತ್ತಿರುವ ಮಾತ್ರೆ ಬರೆದುಕೊಟ್ಟು, ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಿಸಿದರು. ಅಷ್ಟು ದಿನ ಅಮ್ಮನ ಸುಸ್ತು ನೋಡಲಾಗುತ್ತಿರಲಿಲ್ಲ. ಅದಕ್ಕೇ ನನಗೆ ಇಷ್ಟು ಸಿಟ್ಟು.

ಆಯುರ್ವೇದ ಔಷಧಿಯೂ 1940ರ ಔಷಧ ಕಾಯ್ದೆಯೊಳಗೇ ಬರುತ್ತದೆ. ಪೊಟ್ಟಣದ ಮೇಲೆ ಏನೇನು ಹಾಕಿದ್ದಾರೆ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇರಲೇಬೇಕು. ಇಲ್ಲದಿದ್ದರೆ ಮುಟ್ಟಬೇಡಿ. ಒಂದೇ ದಿನದಲ್ಲಿ ನೋವು ಹೋಯಿತೆಂದರೆ ಅಲ್ಲೇ ಅನುಮಾನಪಡಿ.

ನಮಗೆ ಬೇಲಿಯಲ್ಲಿ ಗಿಡ ಇದೆ, ಬಚ್ಚಲೊಲೆ ಹೇಗೂ ಉರಿಯುತ್ತಿರುತ್ತದೆ, ಖರ್ಚು ಹರಳೆಣ್ಣೆಯದ್ದಷ್ಟೇ. ಚಿಕ್ಕಮಗಳೂರು ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿರುವ ನನ್ನ ತಂಗಿಗೆ ಇದೆಲ್ಲಾ ಆಗದ ಕೆಲಸ, ಅವಳು ಲೇಬಲ್ ನೋಡಿ ಎಣ್ಣೆ ತಗೊಳ್ಳುತ್ತಾಳೆ. ಮಂಡಿ ಕೆಂಪಾಗಿ ಊದಿ ಜ್ವರ ಬಂದರೆ ಮಾತ್ರ ಸೊಪ್ಪೂ ಬೇಡ, ಎಣ್ಣೆಯೂ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ.